ಸೂರಜ್ ಸೇಠ್ ಎಂಬ ನಮ್ಮ ಸೂರ

ಯಡ್ತರೆ
14 ಮಾರ್ಚ್ 1997

ಸೂರ,

ನಾವೆಲ್ಲ ಇದ್ದೇವೆ. ನೀನು ಹೇಗಿದ್ದೀ ಅಂತ ಕೇಳುವುದಿಲ್ಲ. ಕೆಟ್ಟು ಹೋಗಿದ್ದರೆ ಇಷ್ಟರಲ್ಲಿ ಯಾರಾದರೂ ಓಡಿ ಬಂದು ಸಂತೋಷದಿಂದ ಹೇಳುತ್ತಿದ್ದರು. ವಿಳಾಸ ಕೊಟ್ಟದ್ದು ನೆರೆಮನೆಯ ಮಂಜ. ಅವನು ಮೇಜು ಒರೆಸುವ ಬೊಂಬಾಯಿಯ ಹೋಟೆಲಿನಲ್ಲೇ ನೀನು ಮೈಕು ಹಿಡಿದು ನಿಂತಿದ್ದೀಯಂತೆ.

ಶಿರೂರಿನ ಯಕ್ಷಗಾನ ಆಟದ ಸುದ್ದಿ ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಕೇಳು. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿ ಪೂಜೆ ಆಯಿತು, ನೀನು ಆರತಿ ಕಣ್ಣಿಗೊತ್ತಿಕೊಂಡೆ, ಚಾ ಕುಡಿದು ಬರುತ್ತೇನೆ ಅಂದೆ, ಹೈವೇಗೆ ಹೋಗಿ ಬೊಂಬಾಯಿ ಬಸ್ಸು ಹತ್ತಿದೆ. ಮೇಳದಲ್ಲಿ ಕುಡಿದು ಬಿದ್ದವರಿದ್ದಾರೆ, ಯಜಮಾನರ ಮೇಲೆ ಕೈ ಮಾಡಿದವರಿದ್ದಾರೆ. ಪೂಜೆ ಆದ ಮೇಲೆ ಆಟ ಬಿಟ್ಟು ಓಡಿದ ಭಾಗವತ ನೀನೊಬ್ಬನೇ. ಬ್ರಹ್ಮಾವರದಿಂದ ಜೀಪು ಮಾಡಿಕೊಂಡು ಬರುವ ನಿನ್ನ ಅಭಿಮಾನಿಗಳು, ಟೇಪ್ ರೆಕಾರ್ಡರನ್ನು ಮೈಕಿನ ಕಂಬಕ್ಕೆ ಕಟ್ಟುವವರು, ಸೂರ ಭಾಗವತರು ಬರಲೇಬೇಕು ಅಂತ ಕುರ್ಚಿ ಎತ್ತಿ ಎಸೆದರಂತೆ. ನಿನ್ನ ಪಕ್ಕದಲ್ಲಿ ಇಷ್ಟು ವರ್ಷದ ತಿರುಗಾಟದಲ್ಲಿ ಕೂತು ಮದ್ದಳೆ ಬಾರಿಸಿದ ಅಣ್ಣಯ್ಯನ ಹಣೆಗೆ ಒಂದು ಬಿತ್ತು. ಮರುದಿನ ಹೊಲಿಗೆ ಹಾಕಿಸಿಕೊಂಡು ಇಲ್ಲಿಗೆ ಬಂದ. ನಿನ್ನನ್ನು ಬೈಯುತ್ತಾನೆ ಅಂದುಕೊಂಡೆ. ಗಂಜಿ ಉಂಡು ಹೋದ.

ನಿನ್ನ ಹೆಂಡತಿ ಪದ್ದು ಕಾಮಾಲೆಯಲ್ಲಿ ಹೋದಾಗ ಮಗಳನ್ನು ನನ್ನ ಮಡಿಲಿಗೆ ಹಾಕಿ, ಮಳೆಗಾಲಕ್ಕೆ ಮೇಳ ಗೆಜ್ಜೆ ಬಿಚ್ಚಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಸೌಮ್ಯಶ್ರೀಗೆ ಈಗ ಎಂಟು. ದಿನಾ ಒಂದೇ ಮಾತು ಕೇಳುತ್ತಾಳೆ. “ಅತ್ತೆ, ಮಳಿಗಾಲಕ್ಕಾರೂ ಅಪ್ಪಯ್ಯ ಬತ್ರಾ?” ನಾನು ಮೀನಿನ ಬುಟ್ಟಿ ಎತ್ತಿಕೊಂಡು ಬೈಂದೂರು ಪೇಟೆಗೆ ಹೋಗುತ್ತೇನೆ. ಉತ್ತರ ಕೊಡುವ ಕೆಲಸ ನನ್ನದಲ್ಲ.

ಒಂದು ಮಾತು ಈಗಲೇ ತಿಳಿದುಕೋ. ಅವಳ ಗಂಟಲು ನಿನ್ನದೇ. ಮೊನ್ನೆ ಭಜನಾ ಮಂದಿರದಲ್ಲಿ ಬಾಯಿ ತೆರೆದಳು, ತಾಳ ಹಾಕುತ್ತಿದ್ದ ಗಂಡಸರು ತಾಳ ಬಿಟ್ಟರು. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ನನ್ನ ಮನೆಯಲ್ಲಿರುವಷ್ಟು ದಿನ ಆ ಗಂಟಲು ಮಂದಿರದ ಹೊಸಿಲು ದಾಟುವುದಿಲ್ಲ. ಹಾಡುವ ಒಬ್ಬನನ್ನು ಸಾಕಿ ನೋಡಿದ್ದೇನೆ, ಸಾಕು.

ನಿನ್ನ ಅಕ್ಕ ಆಗಿ ಹುಟ್ಟಿದ
ವನಜ


ಮುಂಬಯಿ
2 ಜುಲೈ 1997

ಅಕ್ಕ,

ನಿನ್ನ ಕಾಗದ ಬಿಡಿಸಿದರೆ ಮೀನಿನ ವಾಸನೆ ಬಂತು. ತಪ್ಪು ತಿಳಿಯಬೇಡ, ಹಿತವಾಗಿಯೇ ಇತ್ತು.

ಮೇಳ ಮೇಳ ಅನ್ನುತ್ತೀ. ಅದರ ಸುಖ ಉಂಡವನು ನಾನು. ಹಗಲಿಡೀ ಬಸ್ಸಿನಲ್ಲಿ ವೇಷದ ಪೆಟ್ಟಿಗೆಯ ಮೇಲೆ ನಿದ್ದೆ, ಸಿದ್ದಾಪುರದ ಯಾವುದೋ ಶಾಲೆಯ ಜಗಲಿಯಲ್ಲಿ ಸ್ನಾನವಿಲ್ಲದ ಊಟ, ಆಮೇಲೆ ಗಂಟಲು ಹರಿಯುವಷ್ಟು ಹಾಡು. ಕೇಳುವವರು ಯಾರು? ನನ್ನ ಅಭಿಮಾನಿಗಳಂತೆ. ಅವರಿಗೆ ಬೇಕಾದದ್ದು ನನ್ನ ಒಂದು ಆಲಾಪನೆ. ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆ ಅಂದರೆ ಬೇರೆ ಭಾಗವತರು ಮುಟ್ಟಲು ಹೆದರುವ ಎತ್ತರ. ಆ ಶ್ರುತಿಯಲ್ಲಿ ನಾನು ಇನ್ನೂ ಮೇಲೆ ಹತ್ತಿ ನಿಂತರೆ ಶಿಳ್ಳೆ ಹೊಡೆಯುತ್ತಾರೆ, ಇಳಿದ ಕೂಡಲೇ ಕಡಲೆ ತಿನ್ನಲು ಹೊರಗೆ ಹೋಗುತ್ತಾರೆ. ಕಥೆ ಬೇಡ, ಪದ್ಯದ ಅರ್ಥ ಬೇಡ. ಕೋಳಿ ಅಂಕದಲ್ಲಿ ಕೋಳಿ ಎಷ್ಟು ಎತ್ತರ ಹಾರಿತು ಅಂತ ನೋಡುವ ಜನ ಅವರು. ಯಜಮಾನರು ಅವರಿಗಿಂತ ಜಾಣರು. ಸಿನಿಮಾ ಧಾಟಿಯಲ್ಲಿ ಹಾಡು, ಟೆಂಟು ತುಂಬುತ್ತದೆ ಅಂದರು. ಸಿನಿಮಾ ಧಾಟಿಯೇ ಆಗಬೇಕಾದರೆ ಸಿನಿಮಾ ಹಾಡನ್ನೇ ಹಾಡಬಹುದಲ್ಲ? ಅದಕ್ಕೆ ಭಾಗವತನ ಮುಂಡಾಸು ಯಾಕೆ?

ಇಲ್ಲಿನ ಜನವೂ ಕೇಳುವುದಿಲ್ಲ. ಆದರೆ ಕೇಳುತ್ತೇವೆ ಅಂತ ಸುಳ್ಳು ಹೇಳುವುದಿಲ್ಲ. ಕುಡಿಯಲು ಬಂದಿದ್ದಾರೆ, ಕುಡಿಯುತ್ತಾರೆ. ನನಗೆ ಅಷ್ಟು ಸತ್ಯ ಸಾಕು.

ಅಣ್ಣಯ್ಯನಿಗೆ ಪೆಟ್ಟಾದದ್ದು ಗೊತ್ತಿರಲಿಲ್ಲ. ಮಗಳನ್ನು ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಸೂರ


ಯಡ್ತರೆ
9 ನವೆಂಬರ್ 2001

ಸೂರ,

ಎಷ್ಟನೇ ದೀಪಾವಳಿ ಅಂತ ನೀನೇ ಲೆಕ್ಕ ಹಾಕಿಕೋ.

ಈಗ ಊರಲ್ಲಿ ಫೋನು ಬಂದಿದೆ, ಫೋನು ಮಾಡಬಾರದೇ ಅಂತ ಮಂಜನ ಕೈಲಿ ಹೇಳಿ ಕಳಿಸಿದ್ದೀ. ಮಾಡುವುದಿಲ್ಲ. ಫೋನಿನಲ್ಲಿ ಬೈದರೆ ನೀನು ಗದ್ದಲದ ನಡುವೆ ಹಲೋ ಹಲೋ ಅಂದು ಇಟ್ಟುಬಿಡುತ್ತೀ. ಕಾಗದವಾದರೆ ಕೊನೆಯವರೆಗೂ ಓದಬೇಕಾಗುತ್ತದೆ.

ಹಾಡುಗಾರನಾಗಿ ಹೋದವನು ಪಾಲುದಾರನಾದೆ, ಪಾಲುದಾರನಾದವನು ಮಾಲೀಕನಾದೆ. ನಿನ್ನ ಹೊಸ ಬಾರಿನ ಉದ್ಘಾಟನೆಯ ಫೋಟೋ ಪೇಪರಿನಲ್ಲಿ ಬಂತು. “ಕರಾವಳಿಯ ಯುವ ಉದ್ಯಮಿ ಸೂರಜ್ ಸೇಠ್.” ಯಾರಪ್ಪ ಇವ ಅಂತ ನೋಡಿದರೆ ನಮ್ಮ ಸೂರ, ಕೊರಳಲ್ಲಿ ನಾಯಿಗೆ ಹಾಕುವಷ್ಟು ದಪ್ಪದ ಸರ. ಅಪ್ಪ ಇಟ್ಟ ಹೆಸರಿಗೆ ಏನು ಕಡಿಮೆಯಾಗಿತ್ತು? ನನ್ನ ಗಂಡ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತೇನೆ ಅಂದ. ನಾನು ಅದರಲ್ಲಿ ಬಂಗುಡೆ ಕಟ್ಟಿ ಮೇಷ್ಟ್ರ ಹೆಂಡತಿಗೆ ಕೊಟ್ಟೆ.

ಮಂಜ ರಜೆಗೆ ಬಂದು ಎಲ್ಲ ಹೇಳಿದ. ಬಣ್ಣದ ದೀಪ, ಕುಣಿಯುವ ಹುಡುಗಿಯರು, ಅವರ ತಲೆಯ ಮೇಲೆ ಕುಡುಕರು ನೋಟು ಎಸೆಯುವುದು, ಅದನ್ನು ಗುಡಿಸಿ ಕೌಂಟರಿಗೆ ತರಲು ಬೇರೆ ಆಳು. ಮತ್ತೆ ಇವರೇನು ಮಾಡುತ್ತಾರೆ, ಹಾಡುತ್ತಾರಾ ಅಂತ ಕೇಳಿದೆ. ಮಂಜ ಹೆಮ್ಮೆಯಿಂದ ಹೇಳಿದ, “ಸೇಠ್ರ್ ಈಗ ಹಾಡುದಿಲ್ಲೆ ವನಜಕ್ಕ. ಹಾಡ್ಸುದೇ.” ಅಲ್ಪನಿಗೆ ಐಶ್ವರ್ಯ ಬಂದರೆ ಏನು ಮಾಡಿದನಂತೆ, ಗಾದೆ ನಿನಗೆ ಗೊತ್ತಿದೆ. ನೀನು ಕೊಡೆ ಹಿಡಿದದ್ದು ಮಾತ್ರವಲ್ಲ, ಅದಕ್ಕೆ ಬಣ್ಣದ ಬಲ್ಬನ್ನೂ ಕಟ್ಟಿಸಿದ್ದೀ.

ನೀನು ಕಳಿಸಿದ ಫ್ರಾಕು ಬಂತು. ಅದು ನೀನು ಬಿಟ್ಟು ಹೋದ ಮಗುವಿನ ಅಳತೆ. ನಿನ್ನ ಮಗಳಿಗೆ ಈಗ ಹನ್ನೆರಡು, ನನ್ನ ಭುಜಕ್ಕೆ ಬರುತ್ತಾಳೆ. ಶನಿವಾರ ಶನಿವಾರ ಮಂದಿರದಲ್ಲಿ ಭಜನೆ ಹೇಳುತ್ತಾಳೆ. ಮೇಳ ಬಿಟ್ಟು ಮನೆಯಲ್ಲಿ ಕೂತಿರುವ ಅಣ್ಣಯ್ಯ ಬಂದು ಕಂಬಕ್ಕೆ ಒರಗಿ ಕೇಳುತ್ತಾನೆ. ಹೋದ ವಾರ ನನ್ನನ್ನು ದಾರಿಯಲ್ಲಿ ತಡೆದ. “ಹ್ವಾಯ್ ವನಜಕ್ಕ, ಈ ಹೆಣ್ಣಿನ ಗಂಟ್ಲ್ ಬರೀ ಭಜನಿಗೆ ಸವ್ದ್ ಹೋಪುದಾ? ನಂಗ್ ಕೊಡಿ, ಭಾಗವತಿಕೆ ಕಲಿಸ್ತೆ.” ಹೆಣ್ಣು ಮಗಳು ಗಂಡಸರ ನಡುವೆ ರಂಗಸ್ಥಳದಲ್ಲಿ ಕೂರುವುದೇ? ಜನ ಹಾಡು ಕೇಳಲು ಬರುತ್ತಾರಾ, ಸೀರೆ ನೋಡಲು ಬರುತ್ತಾರಾ ಅಂತ ಕೇಳಿದೆ. ಪಾಪ, ಬಂದ ದಾರಿಯಲ್ಲೇ ತಿರುಗಿ ಹೋದ.

ಸೌಮ್ಯ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಉಂಡಳು. ನಮ್ಮ ಮನೆಯವರ ಹಟವೆಲ್ಲ ಅಷ್ಟೇ.

ವನಜ


ಮುಂಬಯಿ
11 ಜನವರಿ 2002

ಅಕ್ಕ,

ನಿನ್ನ ಬಂಗುಡೆಯಲ್ಲಿ ಯಾವ ಮರ್ಯಾದೆ ಇದೆಯೋ ನನ್ನ ಬಾರಿನಲ್ಲೂ ಅಷ್ಟೇ ಇದೆ. ಇಬ್ಬರೂ ಕೊಳೆಯುವ ಮೊದಲು ಮಾರುತ್ತೇವೆ.

ಮುಂಡಾಸು ಕಟ್ಟಿದಷ್ಟು ಕಾಲ ನನ್ನನ್ನು “ಭಾಗವತರೇ” ಅಂತ ಕರೆದವರು ದೇವಸ್ಥಾನದ ಊಟದಲ್ಲಿ ಬೇರೆ ಪಂಕ್ತಿಗೆ ಕೂರಿಸಿದ್ದನ್ನು ನೀನು ಮರೆತಿರಬಹುದು. ಈಗ ಅವರ ಮಕ್ಕಳೇ ನನ್ನ ಕೌಂಟರಿನ ಎದುರು ಕೆಲಸ ಕೇಳಿಕೊಂಡು ನಿಲ್ಲುತ್ತಾರೆ. ಕೊಡುತ್ತೇನೆ. ಮೇಜು ಒರೆಸುವ ಕೆಲಸ.

ಅಣ್ಣಯ್ಯನ ವಿಷಯದಲ್ಲಿ ನೀನು ಹೇಳಿದ್ದು ಸರಿ. ಮಗಳಿಗೆ ಅದೆಲ್ಲ ಬೇಡ.

ಸೂರಜ್


ಯಡ್ತರೆ
3 ಸೆಪ್ಟೆಂಬರ್ 2005

ಸೂರಜ್ ಸೇಠರಿಗೆ,

ಅಲ್ಲಿನ ಸರಕಾರ ಬಾರುಗಳಲ್ಲಿ ಕುಣಿತ ನಿಲ್ಲಿಸಿತಂತೆ. ಮಂಜ ಗಂಟು ಮೂಟೆ ಕಟ್ಟಿಕೊಂಡು ಬಂದಿದ್ದಾನೆ. ಅವನ ಹಿಂದೆಯೇ ಮರವಂತೆಯವರು, ಉಪ್ಪುಂದದವರು, ಅರ್ಧ ಬಸ್ಸು ತುಂಬ ನಿಮ್ಮ ಉದ್ಯಮದ ವೀರರು ಇಳಿದರು. ಬೈಂದೂರು ಪೇಟೆಯಲ್ಲಿ ಎಲ್ಲರೂ ಬಿಳಿ ಪ್ಯಾಂಟು ಹಾಕಿಕೊಂಡು ಬೀಡಾ ಅಂಗಡಿಯ ಎದುರು ನಿಂತಿದ್ದಾರೆ, ಮೇಳ ಮುರಿದು ಬೀದಿಗೆ ಬಿದ್ದ ವೇಷದವರ ಹಾಗೆ.

ಕುಣಿದ ಹುಡುಗಿಯರು ಎಲ್ಲಿಗೆ ಹೋದರು ಅಂತ ಮಂಜನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿದೆಯಾ? ಗೊತ್ತಿರಲಿಕ್ಕಿಲ್ಲ. ಬಿಟ್ಟುಹೋದ ಹೆಂಗಸರ ಸುದ್ದಿ ಇಟ್ಟುಕೊಳ್ಳುವ ಅಭ್ಯಾಸ ನಿನಗಿಲ್ಲ.

ನಾನು ಖುಷಿ ಪಟ್ಟೆ ಅಂತ ಬರೆಯಲೇ ಈ ಕಾಗದ. ಒಂದು ಚೂರು ಪಾಯಸವನ್ನೂ ಮಾಡಿದೆ. ಸೌಮ್ಯ ಮುಟ್ಟಲಿಲ್ಲ.

ವನಜ


ಮುಂಬಯಿ
20 ಮೇ 2007

ಅಕ್ಕ,

ನಿನ್ನ ಪಾಯಸ ತಣ್ಣಗಾಗಿರಬೇಕು. ಬಾರು ಮುಚ್ಚಿಲ್ಲ. ಈಗ ಆರ್ಕೆಸ್ಟ್ರಾ ಲೈಸೆನ್ಸು ಇದೆ. ಕುಣಿತವಿಲ್ಲ, ಹಾಡು ಮಾತ್ರ. ನಿಂತಲ್ಲೇ ನಿಂತು ಹಾಡಬೇಕು, ಅಲ್ಲಾಡುವ ಹಾಗಿಲ್ಲ. ಕಾನೂನೇ ಹಾಗೆ. ಹಾಡುಗಾರ್ತಿಯರು ಅಂತ ಬರುವವರಿಗೆ ಶ್ರುತಿ ಅಂದರೇನು ಅಂತ ಗೊತ್ತಿಲ್ಲ, ಟೇಪು ಹಾಕಿ ಬಾಯಿ ಆಡಿಸುತ್ತಾರೆ. ನನ್ನ ಬಾರಿನಲ್ಲಿ ಕೂತು ನನಗೇ ಕಿವಿ ಮುಚ್ಚಿಕೊಳ್ಳುವ ಹಾಗಾಗಿದೆ.

ಸೌಮ್ಯಶ್ರೀಗೆ ಹದಿನೆಂಟಾಯಿತು, ಪಿಯುಸಿ ಮುಗಿಯಿತು ಅಂತ ಮಂಜ ಫೋನಿನಲ್ಲಿ ಹೇಳಿದ. ಅವಳನ್ನು ಕಳಿಸು. ನನ್ನ ಕಣ್ಣೆದುರು ನಿಂತು ಹಾಡುತ್ತಾಳೆ, ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಯಾರಿಗೂ ಹತ್ತಿರ ಬರಲು ಬಿಡುವುದಿಲ್ಲ. ಮಾಲೀಕನ ಮಗಳು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ ಮಂದಿರದಲ್ಲಿ ಮುದುಕರ ಕೆಮ್ಮಿನ ನಡುವೆ ಎಷ್ಟು ದಿನ ಭಜನೆ ಹೇಳಿಸುತ್ತೀ?

ಸೂರಜ್


ಯಡ್ತರೆ
15 ಜೂನ್ 2007

ಅಪ್ಪಯ್ಯ,

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮದನ್ನು ಅತ್ತೆ ಒಲೆಗೆ ಹಾಕಿದರು. ಮೊದಲು ನನಗೆ ಪೂರ್ತಿ ಓದಿ ಹೇಳಿ, ಆಮೇಲೆ ಹಾಕಿದರು. ಅವರು ಏನನ್ನೂ ಮುಚ್ಚಿಡುವುದಿಲ್ಲ.

ನಾನು ಅಲ್ಲಿಗೆ ಬರುವುದಿಲ್ಲ. ಕುಡಿಯುವವರ ಎದುರು ಅಲ್ಲಾಡದೆ ನಿಂತು ಹಾಡಲು ನನಗೆ ಹೇಸಿಗೆ. ಆದರೆ ಅತ್ತೆಯ ಮಂದಿರವೂ ನನಗೆ ಉಸಿರು ಕಟ್ಟಿಸುತ್ತದೆ. ಅಲ್ಲಿ ನಾನು ಎಷ್ಟು ಕೆಟ್ಟದಾಗಿ ಹಾಡಿದರೂ “ಚಂದ ಆಯ್ತ್ ಮಗಾ” ಅನ್ನುತ್ತಾರೆ. ಬೇಕೆಂದೇ ಒಮ್ಮೆ ಸ್ವರ ತಪ್ಪಿಸಿ ಹಾಡಿ ನೋಡಿದ್ದೇನೆ. ಆಗಲೂ ಚಂದವೇ ಆಗಿತ್ತು.

ನನಗೆ ಭಾಗವತಿಕೆ ಕಲಿಯಬೇಕು. ಅಣ್ಣಯ್ಯ ಕಲಿಸಲು ತಯಾರಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಅತ್ತೆ ಒಪ್ಪುವುದಿಲ್ಲ. ನೀವು ಒಂದು ಮಾತು ಬರೆದರೆ ಅವರು ನಿಮ್ಮನ್ನು ಬೈದಾದರೂ ಯೋಚನೆ ಮಾಡುತ್ತಾರೆ. ನೀವು ನನಗಾಗಿ ಮಾಡಬೇಕಾದದ್ದು ಇಷ್ಟೇ. ಫ್ರಾಕು ಬೇಡ.

ಸೌಮ್ಯಶ್ರೀ


ಮುಂಬಯಿ
8 ಜುಲೈ 2007

ಸೌಮ್ಯ,

ನಿನ್ನ ಅಕ್ಷರ ನಿನ್ನ ಅಮ್ಮನ ಅಕ್ಷರದ ಹಾಗಿದೆ.

ಭಾಗವತಿಕೆಯ ಮಾತು ಬಿಡು. ನಾನು ಅದರ ಒಳಗಿದ್ದು ಬಂದವನು. ಹೆಣ್ಣು ಮಕ್ಕಳು ಕೂರುವ ಜಾಗ ಅದಲ್ಲ. ಜನ ಹಾಡು ಕೇಳಲು ಬರುವುದಿಲ್ಲ, ಸೀರೆ ನೋಡಲು ಬರುತ್ತಾರೆ. ನಮ್ಮ ಮನೆಗೆ ಒಂದು ಮರ್ಯಾದೆ ಇದೆ. ನಾಳೆ ನಿನ್ನ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಏನು ಕೇಳುತ್ತಾರೆ ಅಂತ ಯೋಚನೆ ಮಾಡು. ಅತ್ತೆ ಹೇಳಿದ ಹಾಗೆ ಕೇಳಿಕೊಂಡಿರು.

ನಿನ್ನ ಅಪ್ಪಯ್ಯ


ಯಡ್ತರೆ
2 ಆಗಸ್ಟ್ 2007

ಸೂರ,

ಮಗಳಿಗೆ ನೀನು ಬರೆದದ್ದನ್ನು ಅವಳೇ ನನಗೆ ಓದಿ ಹೇಳಿದಳು. ನಾನು ಮೀನು ಕೊಯ್ಯುತ್ತಿದ್ದೆ. ಕತ್ತಿ ಕೆಳಗಿಟ್ಟು ಮತ್ತೊಮ್ಮೆ ಓದು ಅಂದೆ.

ಭೂತದ ಬಾಯಲ್ಲಿ ಭಗವದ್ಗೀತೆ ಅಂತ ಕೇಳಿದ್ದೆ, ನಿನ್ನಿಂದ ನೋಡಿದ ಹಾಗಾಯಿತು. ಮೇ ತಿಂಗಳಲ್ಲಿ ಇದೇ ಹುಡುಗಿಯನ್ನು ಬಾರಿಗೆ ಕಳಿಸು ಅಂದವನು ನೀನು. ಜುಲೈಯಲ್ಲಿ ರಂಗಸ್ಥಳ ಹೆಣ್ಣು ಮಕ್ಕಳ ಜಾಗವಲ್ಲ ಅನ್ನುವವನೂ ನೀನೇ. ಕುಡುಕರೆದುರು ನಿಂತರೆ ಮರ್ಯಾದೆ, ಗಣಪತಿ ಪೂಜೆ ಆದ ಜಾಗದಲ್ಲಿ ಕೂತರೆ ಮಾನ ಹೋಯಿತು. ಬೆನ್ನೆಲುಬು ಎಲ್ಲಿ ಬಿಟ್ಟು ಬಂದೆ ಮಾರಾಯ, ಶಿರೂರಿನ ಚಾ ಅಂಗಡಿಯಲ್ಲಾ?

ಆದರೆ ನನಗೆ ಕೋಪ ಬಂದದ್ದು ಅದಕ್ಕಲ್ಲ. ಸೀರೆ ನೋಡಲು ಬರುತ್ತಾರೆ ಅಂದೆಯಲ್ಲ, ಅದು ನನ್ನ ಮಾತು. ಇದೇ ಮಾತನ್ನು ನಾನು ಅಣ್ಣಯ್ಯನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ, ಗೆದ್ದೆ ಅಂತ ಬೀಗಿದ್ದೆ. ನನ್ನ ಬಾಯಲ್ಲಿರುವಾಗ ಅದು ಬುದ್ಧಿಮಾತು ಅನ್ನಿಸಿತ್ತು. ನಿನ್ನ ಕಾಗದದಲ್ಲಿ ಓದಿಸಿಕೊಂಡಾಗ ಅದರ ನಾತ ಮೂಗಿಗೆ ಬಡಿಯಿತು. ಬದುಕಿನಲ್ಲಿ ಒಂದು ವಿಷಯಕ್ಕಾದರೂ ನೀನೂ ನಾನೂ ಒಂದೇ ಅಂತ ಜನ ಹೇಳುವ ಹಾಗಾದರೆ ನಾನು ಹೊಳೆಗೆ ಹಾರಬೇಕು.

ಸೀರೆ ಕೊಡವಿಕೊಂಡು ಎದ್ದೆ. ಕೈಗೆ ಮೀನಿನ ಪೊರೆ ಮೆತ್ತಿತ್ತು, ಹಾಗೆಯೇ ಅಣ್ಣಯ್ಯನ ಮನೆಗೆ ಹೋದೆ. ಅವನು ಮದ್ದಳೆಗೆ ಕರಣೆಯ ಕಪ್ಪು ಮೆತ್ತುತ್ತಾ ಕೂತಿದ್ದ. ನಾಳೆಯಿಂದ ನಮ್ಮ ಮನೆಗೆ ಬಂದು ಕಲಿಸು ಅಂದೆ. ಹಿತ್ತಿಲಲ್ಲಿ ಅಲ್ಲ, ಎದುರಿನ ಜಗಲಿಯಲ್ಲಿ. ದಾರಿಯಲ್ಲಿ ಹೋಗುವವರು ಕೇಳಲಿ, ಬೇಕಾದರೆ ಸೀರೆಯನ್ನೂ ನೋಡಿಕೊಂಡು ಹೋಗಲಿ. ಅವನು ತಲೆ ಎತ್ತಲಿಲ್ಲ. “ಇಷ್ಟ್ ವರ್ಷ ಬೇಕಾಯ್ತಾ ವನಜಕ್ಕ?” ಅಂದ. ಹೌದು, ಬೇಕಾಯಿತು.

ಕೇಳಿದವರಿಗೆಲ್ಲ ನಿನ್ನಿಂದಲೇ ಒಪ್ಪಿದೆ ಅಂತ ಹೇಳುತ್ತಿದ್ದೇನೆ. ಅದು ಸುಳ್ಳಲ್ಲ.

ವನಜ


ಮುಂಬಯಿ
18 ನವೆಂಬರ್ 2011

ಅಕ್ಕ,

ನಾಲ್ಕು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬೈಗುಳವಿಲ್ಲದೆ ನನಗೆ ಮೈ ಇಳಿದು ಹೋಗಿದೆ.

ಜನವರಿಯಲ್ಲಿ ಬೈಂದೂರಿನಲ್ಲಿ ಹವ್ಯಾಸಿ ತಂಡದ ಕಾಲಮಿತಿ ಆಟವಂತೆ. ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತದಂತೆ. ಅದರ ಮೊದಲು ನನಗೆ ಸಮ್ಮಾನ ಅಂತ ಸಮಿತಿಯವರು ಬರೆದಿದ್ದಾರೆ. ವೇದಿಕೆಯ ಖರ್ಚು ನಾನೇ ವಹಿಸಿಕೊಂಡಿದ್ದೇನೆ. ಆಮಂತ್ರಣ ಪತ್ರಿಕೆಯಲ್ಲಿ ಭಾಗವತರ ಹೆಸರು ನೋಡಿದೆ. ಸೌಮ್ಯಶ್ರೀ. ಮೊದಲ ಬಾರಿ ಪೂರ್ತಿ ಪ್ರಸಂಗಕ್ಕೆ ಅವಳೇ ಅಂತೆ.

ಸಮ್ಮಾನ ನೆಪ. ನಾನು ಅವಳ ಹಾಡು ಕೇಳಲು ಬರುತ್ತಿದ್ದೇನೆ. ಬರಬೇಡ ಅನ್ನಬೇಡ.

ಸೂರ


ಯಡ್ತರೆ
6 ಡಿಸೆಂಬರ್ 2011

ಸೂರ,

ಬಾ. ಬಸ್‌ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಹಾಕಿದ್ದಾರೆ. “ಕಲಾಪೋಷಕ, ಕೊಡುಗೈ ದಾನಿ.” ಅದರ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಹಾಡುವವಳ ಫೋಟೋ. ಶಾಲು ಹೊದೆಸುತ್ತಾರೆ, ಹೊದ್ದುಕೋ. ಹಣ್ಣಿನ ಬುಟ್ಟಿ ಕೊಡುತ್ತಾರೆ, ತೆಗೆದುಕೋ. ಅವಳ ಆಟಕ್ಕೆ ಮಾತ್ರ ಏನೂ ಮಾಡಬೇಡ. ಮೈಕಿನಲ್ಲಿ ಆಶೀರ್ವಾದ ಮಾಡುವುದು, ಒಂದು ಪದ್ಯ ನಾನೂ ಹೇಳುತ್ತೇನೆ ಅಂತ ಪಕ್ಕಕ್ಕೆ ಹೋಗಿ ಕೂರುವುದು, ಇಂಥದ್ದು ಯಾವುದೂ ಬೇಡ. ನಾಲ್ಕು ವರ್ಷ ಅವಳು ಹಾಡಿದ ಜಾಗದಲ್ಲೆಲ್ಲ ಸೂರ ಭಾಗವತರ ಮಗಳು ಅಂತಲೇ ಕರೆದರು. ಈ ಆಟದಿಂದ ಅವಳಿಗೆ ಅವಳದೇ ಹೆಸರು ಸಿಗಬೇಕು. ಅವಳು ಹಗಲು ರಾತ್ರಿ ದುಡಿದದ್ದು ಇದಕ್ಕೆ.

ಬಾಯಿ ಮುಚ್ಚಿಕೊಂಡು ಕೂರು. ನಾನು ಹತ್ತಿರದಲ್ಲೇ ಇರುತ್ತೇನೆ.

ವನಜ


ಯಡ್ತರೆ
17 ಜನವರಿ 2012

ಸೂರ,

ಬಾಯಿ ಮುಚ್ಚಿಕೊಂಡು ಕೂರು ಅಂದಿದ್ದೆ. ನೀನು ಮುಚ್ಚಿಕೊಂಡೇ ಇದ್ದೆ. ನಿನ್ನ ಕೈಗೆ ಹೇಳುವುದನ್ನು ನಾನು ಮರೆತೆ.

ನೀನು ಆಟ ಮುಗಿಯುವ ಮೊದಲೇ ಕಾರು ಹತ್ತಿ ಹೋದೆ, ಆದ್ದರಿಂದ ಏನಾಯಿತು ಅಂತ ನಾನೇ ಹೇಳಬೇಕು. ಕಾಡಿನಲ್ಲಿ ಗಂಡ ಬಿಟ್ಟುಹೋದ ಹೆಂಗಸಿನ ಪದ್ಯ. ಜನ ಅಷ್ಟು ಹೊತ್ತು ಗಲಾಟೆಯಿಲ್ಲದೆ ಕೇಳುತ್ತಿದ್ದರು. ನನ್ನ ಹಿಂದೆ ಕೂತಿದ್ದ ಸಿದ್ದಾಪುರದ ಹೆಂಗಸು, ಈ ಹೆಣ್ಣು ಯಾರದ್ದು ಅಂತ ಕೇಳಿ, ಪಕ್ಕದವಳು ಹೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳದೆ ಮತ್ತೆ ಹಾಡು ಕೇಳತೊಡಗಿದ್ದಳು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಶಾಲು ಹೊದ್ದ ಕಲಾಪೋಷಕರು ಎದ್ದರು. ಜೇಬಿನಿಂದ ನೋಟಿನ ಕಟ್ಟು ತೆಗೆದರು. ರಂಗಸ್ಥಳದ ಹತ್ತಿರ ಹೋಗಿ, ಹಾಡುತ್ತಿದ್ದ ಮಗಳ ತಲೆಯ ಮೇಲೆ ಒಂದೊಂದೇ ನೋಟು ಬೆರಳಲ್ಲಿ ಸರಿಸಿ ಸರಿಸಿ ಸುರಿದರು. ಬಾರಿನಲ್ಲಿ ಕುಣಿಯುವವರ ಮೇಲೆ ಸುರಿಯುವ ಹಾಗೆ, ಅಷ್ಟೇ ಪಳಗಿದ ಕೈ.

ಆಟದಲ್ಲಿ ಭಾಗವತರಿಗೆ ನೋಟಿನ ಮಾಲೆ ಹಾಕುವುದುಂಟು, ಮೈಕಿನಲ್ಲಿ ಹೆಸರು ಹೇಳಿ ಕವರು ಕೊಡುವುದುಂಟು. ಹೀಗೆ ಸುರಿಯುವುದು ಯಾರಿಗೆ ಅಂತ ಊರಿನ ಅರ್ಧ ಗಂಡಸರಿಗೆ ಗೊತ್ತು, ನಿನ್ನಂಥವರ ಬಾರುಗಳಲ್ಲಿ ದುಡಿದು ಬಂದವರೇ ಎಲ್ಲ. ಹಿಂದಿನಿಂದ ಒಬ್ಬ ಶಿಳ್ಳೆ ಹೊಡೆದ. ಮತ್ತೊಬ್ಬ “ವನ್ಸ್ ಮೋರ್ ಸೇಠ್” ಅಂದ. ನಗು ಕೊನೆಯ ಸಾಲಿನವರೆಗೂ ಹೋಯಿತು. ನೋಟು ಅಣ್ಣಯ್ಯನ ಮದ್ದಳೆಯ ಮೇಲೆ ಬಿತ್ತು, ಪೆಟ್ಟು ನಿಲ್ಲಿಸದೆ ಮೊಣಕೈಯಲ್ಲಿ ಜಾಡಿಸಿದ. ಸೌಮ್ಯ ಕಣ್ಣು ತೆರೆಯಲಿಲ್ಲ. ಮುಂದಿನ ಪದ್ಯ ಎತ್ತಿಕೊಂಡಳು, ಮಂಗಳದವರೆಗೂ ಹಾಡಿದಳು. ಕೆಳಗೆ ಬಿದ್ದದ್ದನ್ನು ತುಳಿಯದ ಹಾಗೆ ಸೀರೆ ಎತ್ತಿಕೊಂಡು ಇಳಿದಳು. ಅದನ್ನು ಸಮಿತಿಯವರು ಗುಡಿಸಿ ಇಟ್ಟುಕೊಂಡರು.

ಇಷ್ಟು ವರ್ಷ ನಿನಗೆ ಊರೆದುರು ಮುಖಭಂಗ ಆಗಬೇಕು ಅಂತ ಆಸೆಪಟ್ಟವಳು ನಾನು. ಆದದ್ದು ಅವಳಿಗೆ. ಮೊನ್ನೆ ಸಂತೆಯಲ್ಲಿ ಕೇಳಿದೆ, ಅವಳಿಗೆ ಹೆಸರು ಬಂದಿದೆ. ನೋಟಿನ ಭಾಗವತೆ ಅಂತೆ.

ಇನ್ನೊಂದು ವಿಷಯ. ನೋಟು ಸುರಿಯುವಾಗ ನಾನು ನಿನ್ನ ಮುಖ ನೋಡಿದೆ. ನೀನು ಅಳುತ್ತಿದ್ದೆ. ದೊಡ್ಡಸ್ತಿಕೆಗೆ ಮಾಡಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ನಿಜವಾಗಿ ಮನಸ್ಸು ತುಂಬಿ ಬಂದಾಗಲೂ ನಿನ್ನ ಕೈಗೆ ಗೊತ್ತಿರುವುದು ಅದೊಂದೇ. ಅದನ್ನು ನೋಡಿ ನನಗೆ ಬೈಗುಳ ಹುಟ್ಟಲಿಲ್ಲ.

ವನಜ


ಮುಂಬಯಿ
29 ಜನವರಿ 2012

ಅಕ್ಕ,

ಕೈ ತಡೆಯಲಿಲ್ಲ. ಎಸೆದ ಮೇಲೆ ಶಿಳ್ಳೆ ಕೇಳಿದಾಗಲೇ ನಾನು ಎಲ್ಲಿದ್ದೇನೆ ಅಂತ ಗೊತ್ತಾದದ್ದು.

ಇಲ್ಲಿ ಹದಿನೈದು ವರ್ಷದಲ್ಲಿ ಒಬ್ಬರಿಗೂ ನಾನು ನೋಟು ಎಸೆದವನಲ್ಲ. ಎಸೆಯುವವರನ್ನು ನೋಡಿ ನಗುತ್ತಿದ್ದೆ. ಅವಳಿಗೆ ಹೇಳು. ಹೇಳಿದರೆ ಏನೂ ಸರಿಯಾಗುವುದಿಲ್ಲ ಅಂತ ಗೊತ್ತಿದೆ, ಆದರೂ ಹೇಳು.

ಸೂರ


ಯಡ್ತರೆ
12 ಫೆಬ್ರವರಿ 2012

ಅಪ್ಪಯ್ಯ,

ಅತ್ತೆ ಹೇಳಿದರು. ನೀವು ಮೊದಲ ಬಾರಿ ಎಸೆದದ್ದು ನನ್ನ ಮೇಲೆ ಎಂಬುದನ್ನು ಕೇಳಿ ನನಗೆ ಸಮಾಧಾನ ಆಗಬೇಕೇನು?

ಆ ಪದ್ಯದ ಕೊನೆಯ ಸಾಲಿನಲ್ಲಿ ಎಲ್ಲ ಭಾಗವತರೂ ಮೇಲೆ ಹತ್ತುತ್ತಾರೆ. ನೀವು ಹೆಸರು ಮಾಡಿದ್ದೂ ಅಲ್ಲಿಯೇ ಅಂತೆ. ಜನ ಚಪ್ಪಾಳೆಗೆ ಕೈ ತಯಾರು ಮಾಡಿಕೊಂಡು ಕೂತಿದ್ದರು. ನಾನು ಇಳಿದೆ. ಕಾಡಿನಲ್ಲಿ ಬಿಟ್ಟುಹೋದವನನ್ನು ಹೆಂಗಸು ಕೂಗಿ ಕರೆಯುವುದಿಲ್ಲ. ಕೂಗಿದರೂ ಅವನು ತಿರುಗಿ ಬರುವುದಿಲ್ಲ ಅಂತ ಅವಳಿಗೆ ಗೊತ್ತಿರುತ್ತದೆ. ಅದನ್ನು ನಾನು ಮನೆಯಲ್ಲೇ ಕಲಿತದ್ದು. ಆ ಇಳಿತ ಕುದುರಲು ಒಂದು ವರ್ಷ ಹಿಡಿಯಿತು. ಅಣ್ಣಯ್ಯನೂ ಮೊದಲು ಒಪ್ಪಿರಲಿಲ್ಲ, ಜನ ಸ್ವರ ಬಿತ್ತು ಅಂದುಕೊಳ್ಳುತ್ತಾರೆ ಅಂದರು.

ಹಾಗೆಯೇ ಆಯಿತು. ಎತ್ತಿದ ಕೈಗಳು ಏನು ಮಾಡಬೇಕೆಂದು ಗೊತ್ತಾಗದೆ ಕೆಳಗಿಳಿದವು. ಅತ್ತೆ ಇವತ್ತಿಗೂ ನನಗೆ ಆವತ್ತು ಗಂಟಲು ಕಟ್ಟಿತ್ತು ಅಂತಲೇ ತಿಳಿದಿದ್ದಾರೆ. ಅಷ್ಟು ದೊಡ್ಡ ಸಭೆಯಲ್ಲಿ ನಾನು ಏನು ಮಾಡಿದೆ ಅಂತ ಗೊತ್ತಾದದ್ದು ನಿಮಗೊಬ್ಬರಿಗೆ. ನೀವು ಎದ್ದದ್ದು ಸರಿಯಾಗಿ ಆ ಜಾಗದಲ್ಲಿ. ಕಣ್ಣು ಮುಚ್ಚುವ ಮೊದಲು ನೋಡಿದೆ. ನೀವು ಎದ್ದು ನಿಂತಿರಿ, ನಿಮ್ಮ ತುಟಿ ನನ್ನ ಜೊತೆಗೆ ಆ ಸಾಲನ್ನು ಇಳಿಯುತ್ತಿತ್ತು. ಅಷ್ಟು ಹೊತ್ತು ನನಗೆ ನಿಮ್ಮ ಮೇಲೆ ಯಾವ ಸಿಟ್ಟೂ ಉಳಿದಿರಲಿಲ್ಲ. ಆಮೇಲೆ ಹಣೆಗೆ ನೋಟು ತಗುಲಿತು.

ಏನೂ ಅರ್ಥವಾಗದ ಕುಡುಕ ಎಸೆದಿದ್ದರೆ ತಲೆ ಕೊಡವಿ ಮರೆತುಬಿಡುತ್ತಿದ್ದೆ. ಅರ್ಥವಾದವರು ಎಸೆದಿರಿ. ಅದಕ್ಕೆ ನಿಮ್ಮನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಮುಂದಿನ ತಿಂಗಳು ಬ್ರಹ್ಮಾವರದಲ್ಲಿ ಆಟ ಇದೆ. ಅದೇ ಪ್ರಸಂಗ. ನಾನು ಅಲ್ಲಿಯೇ ಇಳಿಯುತ್ತೇನೆ, ಜನ ಮತ್ತೆ ಸ್ವರ ಬಿತ್ತು ಅನ್ನಲಿ. ಆ ಇಳಿತವನ್ನು ಕೇಳಿಸಿಕೊಳ್ಳುವ ಒಂದು ಕಿವಿಯಾದರೂ ಇರಲಿ ಅಂತ ನನಗೆ ಆಸೆ. ಆ ಕಿವಿ ನಿಮ್ಮದೇ ಆಗಬೇಕಾಯಿತಲ್ಲ ಅಂತ ನಾಚಿಕೆ.

ಬನ್ನಿ. ಎಲ್ಲರ ಹಿಂದೆ ಕೂರಿ. ಕೈ ಕಟ್ಟಿಕೊಂಡು ಕೇಳಿ.

ಸೌಮ್ಯಶ್ರೀ